ಎಎಂಸಿಗೆ ಸಹಿ ಹಾಕುವ ಮುಂಚೆ

ಆರ್‌ಒ ಮೆಷೀನಿನ ವಾರಂಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ: ‘ಸರ್, ಎಎಂಸಿ ಮಾಡಿಸ್ತೀರಾ?’ ಈ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ನನಗೆ ಹೇಳಿದ ದರ ವರ್ಷಕ್ಕೆ 4,800 ರೂಪಾಯಿ. ಏನೇನು ಸೇರಿದೆ ಎಂದು ಬರೆದು ಕಳಿಸಲು ಕೇಳಿದೆ. ಪಟ್ಟಿಯಲ್ಲಿ ಎರಡು ಥರದ ಖರ್ಚು ಕಲಸಿಕೊಂಡಿತ್ತು. ಒಂದು, ಬಂದೇ ಬರುವ ಖರ್ಚು: ಸವೆಯುವ ಫಿಲ್ಟರ್‌ಗಳದ್ದು. ಇನ್ನೊಂದು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ: ಪಂಪ್, ಅಡಾಪ್ಟರ್ ಕೆಡುವುದು. ಎಎಂಸಿ ಒಂದು ಥರದ ವಿಮೆ; ವಿಮೆಗೆ ಅರ್ಥವಿರುವುದು ಎರಡನೆಯದಕ್ಕೆ ಮಾತ್ರ. ಬಂದೇ ಬರುವ ಖರ್ಚಿಗೂ ವಿಮೆ ಮಾಡಿಸಿದರೆ, ಫಿಲ್ಟರಿನ ಬೆಲೆಯ ಮೇಲೆ ಅವರ ಲಾಭವನ್ನೂ ನಾವೇ ಕಟ್ಟುತ್ತೇವೆ.

ಹಾಗಾಗಿ ಬಿಡಿಭಾಗಗಳ ಬೆಲೆ ವಿಚಾರಿಸಿದೆ. ನಮ್ಮದು ಬೋರ್‌ವೆಲ್ ನೀರು. ಹೊರಗಿನ ಪ್ರೀ-ಫಿಲ್ಟರ್ ಕ್ಯಾಂಡಲ್ ವರ್ಷಕ್ಕೆ ಎರಡು, 300 ರೂಪಾಯಿ. ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್ ಸೇರಿ 700. ಮೆಂಬ್ರೇನ್ 1,600, ಎರಡು ವರ್ಷ ಬಾಳಿದರೆ ವರ್ಷಕ್ಕೆ 800. ಒಟ್ಟು 1,800. ಉಳಿಯುವ 3,000 ರೂಪಾಯಿಯನ್ನು ಬೇರೆಯಾಗಿ ಎತ್ತಿಡುತ್ತೇನೆ. ಹೊಸ ಪಂಪಿಗೆ ನಮ್ಮಲ್ಲಿ ಹೇಳುವುದು 1,500ರ ಆಸುಪಾಸು. ಅದು ಕೆಟ್ಟರೂ ಕೈಯಲ್ಲಿ ದುಡ್ಡಿರುತ್ತದೆ.

ಅಗ್ಗದ್ದೆಂದು ಕಾರ್ಬನ್ ಫಿಲ್ಟರನ್ನು ಮುಂದೂಡಬೇಡಿ. ಕ್ಲೋರಿನ್ ಹಾಕಿದ ನೀರು ಬರುವ ಮನೆಯಲ್ಲಂತೂ ದುಬಾರಿ ಮೆಂಬ್ರೇನನ್ನು ಕಾಯುವುದೇ ಅದು. ಮೆಂಬ್ರೇನನ್ನು ಮಾತ್ರ ಕ್ಯಾಲೆಂಡರ್ ನೋಡಿ ಬದಲಿಸಬೇಕಿಲ್ಲ. ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ಸಾಕು. ಒಳಹೋಗುವ ನೀರು 600, ಹೊರಬರುವುದು 60 ಇದ್ದರೆ ಅದಿನ್ನೂ ಗಟ್ಟಿಯಾಗಿದೆ. 150 ದಾಟಿದರೆ ಬದಲಿಸುವ ಕಾಲ ಬಂತು. ಆದರೆ ಅಳೆಯುವುದು ನಲ್ಲಿಯಲ್ಲಲ್ಲ, ಮೆಂಬ್ರೇನಿನಿಂದ ಶುದ್ಧ ನೀರು ಹೊರಬರುವ ಪೈಪಿನಲ್ಲಿ. ಅನೇಕ ಮೆಷೀನುಗಳ ಟಿಡಿಎಸ್ ಕಂಟ್ರೋಲರ್ ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುವುದರಿಂದ ನಲ್ಲಿಯ ಅಂಕಿ ದಾರಿ ತಪ್ಪಿಸುತ್ತದೆ. ಮೀಟರಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಅದಕ್ಕೆ ನೀರಿನ ಪರೀಕ್ಷೆಯೇ ಆಗಬೇಕು.

ಫಿಲ್ಟರ್ ಹಾಕುವುದು ದೊಡ್ಡ ವಿದ್ಯೆಯೇನಲ್ಲ. ಪ್ಲಗ್ ಕಿತ್ತು, ನೀರಿನ ವಾಲ್ವ್ ಮುಚ್ಚಿ, ಪೈಪಿನ ಬುಡದ ಬಳೆಯನ್ನು ಒತ್ತಿಹಿಡಿದು ಎಳೆದರೆ ಪೈಪ್ ಬರುತ್ತದೆ. ಹೊಸ ಫಿಲ್ಟರಿನ ಮೇಲಿನ ಬಾಣ ನೀರು ಹರಿಯುವ ಕಡೆಗಿರಲಿ. ಮೆಂಬ್ರೇನ್ ಬದಲಿಸಿದರೆ ಡಬ್ಬಿಯ ರಬ್ಬರ್ ರಿಂಗ್ ಮಡಚಿಕೊಳ್ಳದಂತೆ ಕೂರಿಸಿ. ಮೊದಲ ಟ್ಯಾಂಕ್ ನೀರನ್ನು ಕುಡಿಯದೆ ಚೆಲ್ಲಿ, ಮೂಲೆಮೂಲೆಯಲ್ಲಿ ಸೋರಿಕೆ ನೋಡಿ.

ಈ ಲೆಕ್ಕ ಎಲ್ಲ ಮೆಷೀನಿಗೂ ಹೊಂದುವುದಿಲ್ಲ. ಕೆಲವಕ್ಕೆ ಅದೇ ಕಂಪನಿಯ ಸೀಲ್ಡ್ ಕಾರ್ಟ್ರಿಜ್ ಬಿಟ್ಟರೆ ಬೇರೆ ಕೂರುವುದೇ ಇಲ್ಲ. ನೀರು ಬರುವ ಫ್ರಿಜ್ಜುಗಳ ಕಥೆಯೂ ಬಹುಮಟ್ಟಿಗೆ ಹೀಗೇ. ಆದ್ದರಿಂದ ಅಂಗಡಿಯಲ್ಲಿ ಮೆಷೀನಿನ ರೇಟಿನ ಜೊತೆಗೆ ಫಿಲ್ಟರಿನ ರೇಟನ್ನೂ ಕೇಳಿ. ಅದಕ್ಕೂ ಮೊದಲು ಮನೆಯ ನೀರನ್ನು ಅಳೆಯಿರಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ನಿಮ್ಮಲ್ಲಿ ಅದಕ್ಕಿಂತ ಬಹಳ ಕಡಿಮೆಯಿದ್ದು, ಪರೀಕ್ಷೆಯಲ್ಲಿ ಫ್ಲೋರೈಡ್, ನೈಟ್ರೇಟಿನಂಥ ದೋಷ ಕಾಣದಿದ್ದರೆ ಯುವಿ ಮೆಷೀನೇ ಸಾಕು. ಮೆಂಬ್ರೇನಿನ ಖರ್ಚೇ ಇಲ್ಲ.

ಇಷ್ಟು ಹೇಳಿದ ನಾನು ಅತ್ತೆ-ಮಾವನ ಮನೆಯ ಮೆಷೀನಿಗೆ ಎಎಂಸಿ ಮಾಡಿಸಿದ್ದೇನೆ. ಇಬ್ಬರೇ ಇರುವ ವಯಸ್ಸಾದವರು. ಫೋನ್ ಮಾಡಿದರೆ ಯಾರಾದರೂ ಬರುತ್ತಾರೆ ಎನ್ನುವುದಕ್ಕೆ ಅಲ್ಲಿ ಬೆಲೆಯಿದೆ. ಅಲ್ಲಿ ನಾನು ದುಡ್ಡು ಕೊಡುತ್ತಿರುವುದು ಫಿಲ್ಟರಿಗಲ್ಲ, ಆ ಮನುಷ್ಯ ಬರುವುದಕ್ಕೆ.