ಮಲ್ಲೇಶ್ವರದ ಮೊದಲಿಗರು ಯಾರು? ಶಾಸನದ ಮುಂದೆ ಒಂದು ಪಾಠ

ಇಂಟರ್ನ್‌ಶಿಪ್ ಅವಧಿಯಲ್ಲಿ ನಾನು ಮಲ್ಲೇಶ್ವರದ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಜೊತೆಗೆ ಸ್ಥಳೀಯ ಇತಿಹಾಸದ ಒಂದು ಚಟುವಟಿಕೆಯ ಹೊಣೆಯೂ ಬಂತು. ಬೆಂಗಳೂರಿನ ಶಾಸನಗಳನ್ನು ಹುಡುಕಿ ಉಳಿಸುವಲ್ಲಿ ಸ್ವಯಂಸೇವಕರ ಪಾಲು ದೊಡ್ಡದು. ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಮಾಡಿಸುತ್ತಿದೆ. ನಮ್ಮ ಮಕ್ಕಳೂ ಎರಡು ವಾರ ಅಂಥ ಸ್ವಯಂಸೇವಕರಾಗಿ, ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನವನ್ನು ಏಳನೆಯ ತರಗತಿಯವರಿಗೆ ಪರಿಚಯಿಸಲಿ ಎಂದು ಯೋಜಿಸಿದೆ.

ಎಡವಿದ್ದು

ಮಕ್ಕಳು ಹೇಳಬೇಕಾದ ಮಾತನ್ನೆಲ್ಲ ನಾನೇ ಬರೆದು ಹಂಚಿದೆ. 1898ರಲ್ಲಿ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಬಂದವರೇ ಇಲ್ಲಿನ ಮೊದಲಿಗರು ಎಂದು ಅದರಲ್ಲಿತ್ತು. ಅಭ್ಯಾಸದ ದಿನ ಒಬ್ಬಳು ಕೇಳಿದಳು: “ಮಿಸ್, ಶಾಸನ 1669ರದ್ದಲ್ವಾ? ಆಗ ಇಲ್ಲಿ ಯಾರೂ ಇರಲಿಲ್ವಾ?” ನನ್ನಲ್ಲಿ ಉತ್ತರವಿರಲಿಲ್ಲ. ಹಾಳೆಗಳನ್ನು ಹಿಂದಕ್ಕೆ ಪಡೆದೆ.

ತಿದ್ದಿದ ಯೋಜನೆ

ಶಾಸನದ ಪ್ರಕಟಿತ ಪಾಠದಿಂದ ಮತ್ತೆ ಶುರುಮಾಡಿದೆವು. ಶಿವಾಜಿಯ ಮಲತಮ್ಮ ಏಕೋಜಿ, ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಕೊಟ್ಟದ್ದು ಅದರ ವಿಷಯ. ಅಂದರೆ ಪ್ಲೇಗಿಗೆ 229 ವರ್ಷ ಮೊದಲೇ ಇಲ್ಲಿ ಊರಿನ ಹೆಸರುಗಳಿದ್ದವು. ಕಪ್ಪುಹಲಗೆಯ ಮೇಲೆ ಎರಡು ಕಲಂ ಎಳೆದೆ: ‘ಕಲ್ಲು ಹೇಳುವುದು’, ‘ನಾವು ಊಹಿಸುವುದು’. “ಮೇದರು ಅಂದ್ರೆ ಬುಟ್ಟಿ ಹೆಣೆಯೋರು, ಅವರ ಊರೇ ಇದು” ಎಂದ ಒಬ್ಬ ಹುಡುಗ. ಚರ್ಚೆಯ ನಂತರ ಅವನೇ ಆ ಮಾತನ್ನು ಎರಡನೆಯ ಕಲಮಿನಲ್ಲಿ ಬರೆದ.

ಅಕ್ಷರ ಕಾಣಲೆಂದು ಕೆಲವರು ಸೀಮೆಸುಣ್ಣ ತಂದಿದ್ದರು. ಉಜ್ಜಿದರೆ ಕಲ್ಲು ಸವೆಯುತ್ತದೆ. ಹಾಗಾಗಿ ಕಿಟಕಿ ಮುಚ್ಚಿ, ಒಂದು ನಾಣ್ಯದ ಮೇಲೆ ಮೊದಲು ನೇರವಾಗಿ, ಆಮೇಲೆ ಓರೆಯಾಗಿ ಟಾರ್ಚ್ ಹಿಡಿಸಿದೆ. ಓರೆ ಬೆಳಕಿನಲ್ಲಿ ಉಬ್ಬುತಗ್ಗುಗಳ ನೆರಳು ಬಿದ್ದು ಅಕ್ಷರ ಎದ್ದು ಕಂಡಿತು. ಶಾಸನದ ಬಳಿ ಕೊಡೆಯ ನೆರಳು ಮಾಡಿ ಇದೇ ಉಪಾಯ ಬಳಸಿದೆವು. ಕಲ್ಲನ್ನು ಯಾರೂ ಮುಟ್ಟಲಿಲ್ಲ.

ಕಂಡದ್ದು

ಪರಿಚಯದ ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು, “ಆ ಹಳ್ಳಿಯವರು ಆಮೇಲೆ ಎಲ್ಲಿಗೆ ಹೋದ್ರು?” ಎಂದಳು. ನಮ್ಮ ಹುಡುಗ ತಡವರಿಸಲಿಲ್ಲ: “ಅದು ಈ ಕಲ್ಲಲ್ಲಿಲ್ಲ. ಬೇರೆ ಕಡೆ ಹುಡುಕ್ಬೇಕು.” ನಾನು ಬರೆದುಕೊಟ್ಟ ಮಾತಿನಲ್ಲಿ ಇಂಥ ಉತ್ತರಕ್ಕೆ ಜಾಗವೇ ಇರಲಿಲ್ಲ. ನನ್ನ ಮೌಲ್ಯಮಾಪನದಲ್ಲಿ ಅತಿ ಹೆಚ್ಚು ಅಂಕ ಈ ಉತ್ತರಕ್ಕೆ.

ಒಂದು ಕೊರತೆ ಉಳಿಯಿತು. ಮಾತುಗಾರ ಮಕ್ಕಳೇ ಮುಂದೆ ನಿಂತರು. ಉಳಿದವರು ಕೊಡೆ, ಟಾರ್ಚ್ ಹಿಡಿದರು. ಮುಂದಿನ ಬಾರಿ ಪ್ರತಿಯೊಬ್ಬರಿಗೂ ಒಂದೊಂದು ಸಾಲಿನ ಹೊಣೆ ಕೊಡುತ್ತೇನೆ. ಇಂಥ ಪಾಠ ಮಾಡಹೊರಟ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದೇ ಸಲಹೆ: ಮಕ್ಕಳ ಕೈಗೆ ಭಾಷಣ ಕೊಡುವ ಮೊದಲು ಎರಡು ಕಲಂ ಕೊಡಿ.