ಸೊಂಟ ನೋವಿಗೆ ಯಾರ ಕೈ?

ಸೋಮನಹಳ್ಳಿಯ ಏಳು ತಿಂಗಳ ಗರ್ಭಿಣಿಯೊಬ್ಬರಿಗೆ ಮಗ್ಗುಲು ಬದಲಿಸಿದರೂ ಸೊಂಟದ ಕೆಳಗೆ ಚಳಕು. ಬೆಂಗಳೂರಿಗೆ ಹೋಗಿ ಆಸ್ಟಿಯೋಪಥಿ ಮಾಡಿಸುವುದೇ, ಊರಿನ ಅಜ್ಜಿಯಿಂದ ಎಣ್ಣೆ ತಿಕ್ಕಿಸಿಕೊಳ್ಳುವುದೇ ಎಂಬುದು ಅವರ ಪ್ರಶ್ನೆ.

ಮೊದಲು ತಾಯಿ ಕಾರ್ಡ್ ಹಿಡಿದು ಮದ್ದೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಲಿ. ಮೂತ್ರದ ಸೋಂಕು, ಅವಧಿಗೆ ಮುಂಚಿನ ಹೆರಿಗೆ ನೋವು ಕೂಡ ಸೊಂಟದಲ್ಲೇ ಕಾಣಿಸಿಕೊಳ್ಳುತ್ತವೆ. ಅವೆರಡೂ ಅಲ್ಲವೆಂದಾದರೆ ಹೊಟ್ಟೆಯ ಭಾರ, ಸಡಿಲಗೊಂಡ ಕೀಲುಗಳು ಕಾರಣವಿರಬಹುದು.

ಆಸ್ಟಿಯೋಪಥಿ 1874ರಲ್ಲಿ ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ ಹುಟ್ಟುಹಾಕಿದ ಪದ್ಧತಿ. ಸ್ನಾಯು, ಕೀಲುಗಳನ್ನು ಕೈಯಿಂದಲೇ ಹದವಾಗಿ ಒತ್ತಿ, ಎಳೆದು ಸಡಿಲಿಸುತ್ತಾರೆ. ಟೆಕ್ಸಾಸಿನಲ್ಲಿ 400 ಗರ್ಭಿಣಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಆರೈಕೆಯಷ್ಟೇ ಪಡೆದವರಿಗಿಂತ ಆಸ್ಟಿಯೋಪಥಿಯನ್ನೂ ಪಡೆದವರಿಗೆ ನೋವು ಕಡಿಮೆಯಿತ್ತು. ಆದರೆ ತೋರಿಕೆಗಷ್ಟೇ ಅಲ್ಟ್ರಾಸೌಂಡ್ ಚಿಕಿತ್ಸೆ ಪಡೆದವರಿಗೂ ಹೆಚ್ಚುಕಡಿಮೆ ಅಷ್ಟೇ ಗುಣ ಕಂಡಿತ್ತು. ಇಷ್ಟಕ್ಕಾಗಿ ತುಂಬು ಹೊಟ್ಟೆಯಲ್ಲಿ ಬೆಂಗಳೂರಿಗೆ ಬಸ್ಸು ಹತ್ತುವುದು ಖಂಡಿತ ಬೇಡ. ಮಂಡ್ಯದಲ್ಲೇ ಫಿಸಿಯೋಥೆರಪಿಸ್ಟರನ್ನು ಕಾಣಲಿ.

ಮಲಗುವಾಗ ಮಂಡಿಗಳ ನಡುವೆ ದಿಂಬಿರಲಿ. ಏಳುವಾಗ ಎರಡೂ ಮಂಡಿ ಜೋಡಿಸಿ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಬೇಕು. ಒಂಟಿಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವುದು ಬೇಡ, ಕೂತೇ ಹಾಕಿಕೊಳ್ಳಲಿ.

ಅಜ್ಜಿಯ ಕೈಗುಣ ಬಾಣಂತನಕ್ಕಿರಲಿ. ಬೆನ್ನು, ಭುಜ, ತೋಳಿಗೆ ಉಗುರುಬೆಚ್ಚಗಿನ ಎಣ್ಣೆ ನಿಜಕ್ಕೂ ಹಿತ. ಹೊಟ್ಟೆಯನ್ನು ಮಾತ್ರ ಬಲವಾಗಿ ಅದುಮಬಾರದು. ಸಿಸೇರಿಯನ್ ಆಗಿದ್ದರೆ ಹೊಲಿಗೆಯ ಹತ್ತಿರ ಕೈ ಹಾಕುವಂತೆಯೇ ಇಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಲೇಬಾರದು, ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೂ, ವಿಪರೀತ ರಕ್ತಸ್ರಾವಕ್ಕೂ, ಕಣ್ಣು ಮಂಜಾಗುವಂಥ ತಲೆನೋವಿಗೂ ಕೂಡಲೇ 108ಕ್ಕೆ ಕರೆ ಮಾಡಬೇಕು.