ಮರಗೆತ್ತನೆಯ ಯಂತ್ರ ಮತ್ತು ವಿದ್ಯುತ್ತಿನ ಹಾದಿ

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳ ಕಡೆಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರ ಆಗಸ್ಟಿನಲ್ಲಿ. ಮುಂದೆ ನಗರದ ಪೂರ್ವಭಾಗವು ಯಂತ್ರೋದ್ಯಮದ ನೆಲೆಯಾಯಿತು. 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. 1948ರಲ್ಲಿ ಕೃಷ್ಣರಾಜಪುರದ ಸಮೀಪ ದೂರವಾಣಿ ಕಾರ್ಖಾನೆ ಸ್ಥಾಪಿತವಾಯಿತು. ಬೈಯಪ್ಪನಹಳ್ಳಿಯಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುತ್ತಿದ್ದ ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಮುಚ್ಚಿತು. ಇಂತಹ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳಲ್ಲಿ ಟೆಸ್ಟರೂ ಇಕ್ಕಳವೂ ಅಪರೂಪದ ವಸ್ತುಗಳಲ್ಲ. ಈಚೆಗೆ ಅಂತಹ ಮನೆಗಳ ಮೇಜಿನ ಮೇಲೆ ಗಣಕಯಂತ್ರದ ಆಜ್ಞೆಯಂತೆ ಮರವನ್ನು ಕೆತ್ತುವ ಸಣ್ಣ ಯಂತ್ರಗಳೂ ಬಂದು ಕುಳಿತಿವೆ.

ಸಾಗರ, ಸೊರಬಗಳ ಗುಡಿಗಾರನ ಉಳಿ ಮೊಂಡಾದರೆ ಅವನ ಕೈಗೆ ಒಡನೆಯೇ ತಿಳಿಯುತ್ತದೆ. ಸಾಣೆ ಹಿಡಿದರೆ ಕೆಲಸ ಮುಂದುವರಿಯುತ್ತದೆ. ಯಂತ್ರದ ಮೌನ ಅಂತಹುದಲ್ಲ. ಗುಂಡಿ ಒತ್ತಿದರೂ ದೀಪವಿಲ್ಲ, ಸದ್ದಿಲ್ಲ. ದೋಷವೆಲ್ಲಿದೆ ಎಂಬುದಕ್ಕೆ ಸುಳಿವೂ ಇಲ್ಲ. ಹಲಸೂರಿನ ಹಳೆಯ ಮನೆಯೊಂದರಲ್ಲಿ, ಮೂರು ದಿನಗಳಲ್ಲಿ ನಡೆಯಬೇಕಾದ ಗೃಹಪ್ರವೇಶಕ್ಕಾಗಿ ದೇವರಮನೆಯ ಬಾಗಿಲನ್ನು ಅರ್ಧ ಕೆತ್ತಿರುವಾಗ ಹೀಗಾಯಿತೆಂದು ಭಾವಿಸಬಹುದು. ಗಾಬರಿಗೊಂಡವನು ಮೊದಲು ಮಾಡುವ ತಪ್ಪೆಂದರೆ ಯಂತ್ರದ ಮುಚ್ಚಳವನ್ನು ಬಿಚ್ಚುವುದು. ವಿದ್ಯುತ್ತು ಕಂಬದಿಂದ ಮೀಟರಿಗೆ, ಫ್ಯೂಸಿಗೆ, ಸಾಕೆಟ್ಟಿಗೆ, ಬಳಿಕ ಪ್ಲಗ್ಗು, ವೈರುಗಳ ಮೂಲಕ ಯಂತ್ರಕ್ಕೆ ಬರುತ್ತದೆ. ಆ ಹಾದಿಯಲ್ಲಿಯೇ ಹೆಜ್ಜೆಹೆಜ್ಜೆಯಾಗಿ ನಡೆದು ಹುಡುಕತಕ್ಕದ್ದು.

ಯಂತ್ರವು ಪೂರ್ತಿ ನಿರ್ಜೀವವಾಗಿದೆಯೋ, ಕೇವಲ ಕೆತ್ತುವ ಅಲಗು ತಿರುಗುತ್ತಿಲ್ಲವೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಮುಚ್ಚಳ ಸರಿಯಾಗಿ ಕೂರದಿದ್ದರೆ, ಅಥವಾ ಅದರ ಅಂಚಿನ ರಕ್ಷಣಾ ಸ್ವಿಚ್ಚಿಗೆ ಮರದ ಹೊಟ್ಟು ತುಂಬಿಕೊಂಡಿದ್ದರೆ, ಕೆಲವು ಯಂತ್ರಗಳಲ್ಲಿ ದೀಪ ಉರಿದರೂ ಅಲಗು ಅಲುಗದು. ಅದು ಬೇರೆಯ ಪ್ರಶ್ನೆ. ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ಗಣಕಯಂತ್ರಕ್ಕೆ ಜೋಡಿಸಿದ ಸಣ್ಣ ತಂತಿಯಿಂದ ಐದು ವೋಲ್ಟು ಹರಿದುಬಂದು, ಮುಖ್ಯ ವಿದ್ಯುತ್ತೇ ಇಲ್ಲದಿದ್ದರೂ ನಿಯಂತ್ರಕ ಹಲಗೆಯ ಪುಟ್ಟ ದೀಪ ಮಿನುಗುತ್ತದೆ. ಆದುದರಿಂದ ಪರೀಕ್ಷೆಗೆ ಮುನ್ನ ಆ ತಂತಿಯನ್ನು ಕಳಚಿಡುವುದೇ ಲೇಸು. ಅಣಬೆಯಾಕಾರದ ಕೆಂಪು ತುರ್ತುಗುಂಡಿಯನ್ನೂ ನೋಡಬೇಕು. ಒಮ್ಮೆ ಒತ್ತಿದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ ಬಾಣದ ಗುರುತಿನ ಕಡೆಗೆ ತಿರುಗಿಸಿದಾಗ ಮಾತ್ರ ಮೇಲೇಳುತ್ತದೆ. ಕಸ ಗುಡಿಸುವಾಗ ಯಾರದೋ ಮೊಣಕೈ ತಗುಲಿ ಗುಂಡಿ ಒತ್ತಿಹೋಗಿ, ಯಂತ್ರ ರಿಪೇರಿ ಅಂಗಡಿಯವರೆಗೆ ಹೊತ್ತೊಯ್ಯಲ್ಪಡುವುದು ಅಸಂಭವವೇನಲ್ಲ.

ಅನಂತರ ಸಾಕೆಟ್ಟು. ಮನೆಯ ಬೇರೆ ಕೋಣೆಯಲ್ಲಿ ದೀಪವಿದೆ ಎಂಬುದು ಸಾಕ್ಷಿಯಾಗದು. ಮೂರು ಫೇಸಿನ ಮನೆಗಳಲ್ಲಿ ಒಂದು ಫೇಸು ಹೋಗಿ, ನಡುಮನೆ ಬೆಳಗುತ್ತಿರುವಾಗ ಹಿಂದಿನ ಕೋಣೆ ಕತ್ತಲಾಗುವುದುಂಟು. ಇಲ್ಲಿಯೇ ಟೆಸ್ಟರು ಮಹಾ ವಂಚಕ. ಅದರೊಳಗಿನ ನಿಯಾನ್ ದೀಪಕ್ಕೆ ಅತ್ಯಲ್ಪ ಪ್ರವಾಹ ಸಾಕು. ಸಾಕೆಟ್ಟಿನ ಫೇಸ್ ರಂಧ್ರದಲ್ಲಿ ಟೆಸ್ಟರು ಹೊಳೆದರೆ ಫೇಸು ಬಂದಿದೆ ಎಂದಷ್ಟೇ ಅರ್ಥ. ಹಿಂದಿರುಗುವ ಹಾದಿಯಾದ ನ್ಯೂಟ್ರಲ್ ಕಡಿದುಹೋಗಿದ್ದರೆ ಯಂತ್ರಕ್ಕೆ ಪ್ರವಾಹ ದೊರೆಯದು. ಅದೇ ಸಾಲಿನಲ್ಲಿ ಇನ್ನೊಂದು ಉಪಕರಣದ ಸ್ವಿಚ್ಚು ಹಾಕಿದ್ದು, ಎರಡೂ ರಂಧ್ರಗಳಲ್ಲಿ ಟೆಸ್ಟರು ಹೊಳೆದರೆ ನ್ಯೂಟ್ರಲ್ ಕಡಿದಿದೆ ಎಂದು ಬಲವಾಗಿ ಶಂಕಿಸಬಹುದು. ಆ ಸ್ಥಿತಿಯಲ್ಲಿ ಯಂತ್ರ ಸತ್ತಂತೆ ತೋರಿದರೂ ಅದರ ಒಳಗೆ 230 ವೋಲ್ಟು ಎಚ್ಚರವಾಗಿಯೇ ಇರುತ್ತದೆ. ಅಪಘಾತಕ್ಕೆ ಎಡೆಗೊಡುವುದು ಇದೇ. ಟೆಸ್ಟರಿಗಿಂತ ಒಂದು ಮೇಜುದೀಪವನ್ನು ಸಿಕ್ಕಿಸಿ ನೋಡುವುದು ನಂಬಲರ್ಹ. ದೀಪ ಉರಿದು ಯಂತ್ರ ಮಾತ್ರ ಕದಲದಿದ್ದರೆ ಆಗಲೂ ಸಾಕೆಟ್ಟನ್ನು ಪೂರ್ತಿ ನಿರ್ದೋಷಿ ಎನ್ನಲಾಗದು: ಸಡಿಲವಾದ ಸಂಪರ್ಕ ಸಣ್ಣ ದೀಪದ ಹೊರೆಯನ್ನು ತಾಳಿ, ದೊಡ್ಡ ಹೊರೆಗೆ ಕೈಕೊಡಬಹುದು. ಸಾಕೆಟ್ಟಿನ ಮೇಲೆ ಕಂದುಬಣ್ಣದ ಕಲೆಯಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಯೇ ನಿಲ್ಲಬೇಕು.

ಹೊರೆಯ ಲೆಕ್ಕ ಶಾಲೆಯ ಬಾಲಕನಿಗೂ ಸುಲಭ. 500 ವಾಟಿನ ಕೆತ್ತನೆಯಂತ್ರ 230 ವೋಲ್ಟಿನಲ್ಲಿ ಸುಮಾರು 2.2 ಆಂಪಿಯರ್ ಎಳೆಯುತ್ತದೆ; 6 ಆಂಪಿಯರಿನ ಸಾಕೆಟ್ಟಿಗೆ ಅದು ಹಗುರ. ಆದರೆ ಧೂಳು ಹೀರಲೆಂದು 1400 ವಾಟಿನ ವ್ಯಾಕ್ಯೂಮ್ ಕ್ಲೀನರನ್ನು ಅದೇ ಸಾಕೆಟ್ಟಿನಿಂದ ಎಳೆದ ಎಕ್ಸ್‌ಟೆನ್ಷನ್ ಹಲಗೆಗೆ ಸಿಕ್ಕಿಸಿದರೆ ಒಟ್ಟು 1900 ವಾಟು, ಅಂದರೆ 8 ಆಂಪಿಯರಿಗೂ ಮೇಲು. ಹಲಸೂರಿನ ಮನೆಯ ಕಥೆ ಇದೇ ಎನ್ನಬಹುದು. ದಿನಗಟ್ಟಲೆ ಕಾದು ಕಾದು ಸಾಕೆಟ್ಟಿನ ನ್ಯೂಟ್ರಲ್ ತಂತಿ ತಿರುಪಿನ ಬುಡದಲ್ಲಿ ಸುಟ್ಟುಹೋಗಿದೆ. ಟೆಸ್ಟರು ಹೊಳೆಯುತ್ತದೆ, ಮೇಜುದೀಪ ಹತ್ತುವುದಿಲ್ಲ. ಯಂತ್ರದಲ್ಲಿ ದೋಷವೇ ಇಲ್ಲ. ಮೇನ್ ಸ್ವಿಚ್ಚು ಆರಿಸಿ, ಬಲ್ಲ ಎಲೆಕ್ಟ್ರಿಷಿಯನ್ನನಿಂದ ಸುಟ್ಟ ತುದಿಯನ್ನು ಕತ್ತರಿಸಿ, 16 ಆಂಪಿಯರಿನ ಸಾಕೆಟ್ಟನ್ನೂ ಅದಕ್ಕೆ ತಕ್ಕ ದಪ್ಪನೆಯ ತಂತಿಯನ್ನೂ ಹಾಕಿಸಿದರೆ ಬಾಗಿಲು ಸಕಾಲಕ್ಕೆ ಮುಗಿದೀತು.

ಹಳೆಯ ಮನೆಗಳಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿದ್ದರೆ, ಇಂದಿರಾನಗರದ ಹೊಸ ಮನೆಗಳಲ್ಲಿ 30 ಮಿಲಿಆಂಪಿಯರ್ ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಇರುತ್ತದೆ. ಮಳೆಗಾಲದ ತೇವಕ್ಕೆ ಅದು ಬಿದ್ದರೆ ಶಪಿಸುವವರೇ ಹೆಚ್ಚು. ಅದನ್ನು ಬಿಟ್ಟು ನೇರವಾಗಿ ತಂತಿ ಜೋಡಿಸುವುದು ಮನೆಯ ಕಾವಲುಗಾರನನ್ನು ಓಡಿಸಿದಂತೆ.

ಸಾಕೆಟ್ಟು ಸರಿಯಿದ್ದರೆ ಪ್ಲಗ್ಗನ್ನು ಕಿತ್ತ ಮೇಲೆಯೇ ವೈರನ್ನು ಮುಟ್ಟಬೇಕು. ಪದೇಪದೇ ಬಾಗುವ ಎರಡು ತುದಿಗಳಲ್ಲಿ ಅದು ಒಳಗೇ ತುಂಡಾಗುತ್ತದೆ. ಮಲ್ಟಿಮೀಟರಿನ ಓಮ್ ಮಾಪಕದಲ್ಲಿ ಪ್ರತಿ ಎಳೆಯೂ ಸೊನ್ನೆಯ ಹತ್ತಿರ ತೋರಬೇಕು. ಬಾಗಿಸಿದಾಗ ಅಂಕಿ ಕುಣಿದರೆ ವೈರು ಬದಲಿಸಬೇಕು. ಅನೇಕ ಯಂತ್ರಗಳಲ್ಲಿ ವೈರು ಸೇರುವ ಕಡೆ ಸಣ್ಣ ಅರೆಯಲ್ಲಿ ಗಾಜಿನ ಫ್ಯೂಸು ಇರುತ್ತದೆ. ಎಳೆ ನಡುವೆ ಮಾತ್ರ ಕರಗಿದ್ದರೆ ಕೊಂಚ ಅಧಿಕ ಹೊರೆಯಾಗಿರಬಹುದು. ಗಾಜು ಕಪ್ಪಾಗಿ ಅಥವಾ ಬೆಳ್ಳಿಯಂತೆ ಲೇಪವಾಗಿದ್ದರೆ ಒಳಗೆ ಶಾರ್ಟ್ ಆಗಿದೆ ಎಂದೇ ಶಂಕಿಸಬೇಕು. ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಸುತ್ತುವ ಜಾಣತನದಿಂದ ಐದಾರು ರೂಪಾಯಿಯ ಫ್ಯೂಸಿನ ಬದಲು ಯಂತ್ರವೇ ಬಲಿಯಾದೀತು.

ಅಮೆರಿಕದಿಂದ ಮಕ್ಕಳು ಕಳುಹಿಸಿದ ಯಂತ್ರದ ವಿಚಾರ ಬೇರೆ. ಅಲ್ಲಿಯ ವಿದ್ಯುತ್ತು 120 ವೋಲ್ಟು, 60 ಹರ್ಟ್ಸ್. ಇಲ್ಲಿಯದು 230 ವೋಲ್ಟು, 50 ಹರ್ಟ್ಸ್. ಬರಿಯ ಪಿನ್ನು ಬದಲಿಸಿ ನೇರವಾಗಿ ಸಿಕ್ಕಿಸಿದರೆ ವೋಲ್ಟೇಜು ಸುಮಾರು ಇಮ್ಮಡಿ; ರಕ್ಷಣೆಗೆಂದಿಟ್ಟ ಬಿಲ್ಲೆ ಸೀಳಿ ಫ್ಯೂಸು ಹಾರುತ್ತದೆ. ಅಷ್ಟರಲ್ಲಿ ನಿಂತರೆ ಅದೃಷ್ಟ. ಯಂತ್ರದ ವಾಟಿಗಿಂತ ಧಾರಾಳ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಅವಶ್ಯ. ಕೆಲವು ಸಪ್ಲೈ ಪೆಟ್ಟಿಗೆಗಳಲ್ಲಿ 115, 230 ಎಂದು ಬರೆದ ಸಣ್ಣ ಸ್ವಿಚ್ಚಿರುತ್ತದೆ; ಅದು 115ರಲ್ಲಿದ್ದರೆ ಫಲ ಒಂದೇ.

ಇಷ್ಟರ ಬಳಿಕವೂ ಜೀವ ಬಾರದಿದ್ದರೆ ಸಂದೇಹ ಉಳಿಯುವುದು 230 ವೋಲ್ಟನ್ನು 24 ವೋಲ್ಟಿನಂತಹ ಏಕಮುಖ ವಿದ್ಯುತ್ತಾಗಿಸುವ ಪೆಟ್ಟಿಗೆಯ ಮೇಲೆ. ಪ್ಲಗ್ಗು ಕಿತ್ತು, ಅದರ ಔಟ್‌ಪುಟ್ ತಂತಿಗಳನ್ನು ನಿಯಂತ್ರಕ ಹಲಗೆಯಿಂದ ಬೇರ್ಪಡಿಸಿ, ಮತ್ತೆ ವಿದ್ಯುತ್ತು ಕೊಟ್ಟು ಅಳೆದಾಗ 24 ವೋಲ್ಟು ಬಂದರೆ ದೋಷ ಮುಂದಿನ ಹಲಗೆಯಲ್ಲೋ ಮೋಟಾರಿನಲ್ಲೋ ಇದೆ. ಬಾರದಿದ್ದರೆ ಪೆಟ್ಟಿಗೆಯನ್ನೇ ಬದಲಿಸತಕ್ಕದ್ದು. ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಲಾಗದು. ಅದರ ಕೆಪಾಸಿಟರು ಸುಮಾರು 320 ವೋಲ್ಟನ್ನು ಹಿಡಿದಿಟ್ಟು, ಪ್ಲಗ್ಗು ಕಿತ್ತ ನಂತರವೂ ಕೆಲವು ನಿಮಿಷ ಅದನ್ನು ಬಿಟ್ಟುಕೊಡದೆ ಇರಬಲ್ಲದು.

ಸರಿಪಡಿಸಿದ ಯಂತ್ರವನ್ನು ಮೊದಲು ಮರವಿಲ್ಲದೆ ಹತ್ತು ನಿಮಿಷ, ಆಮೇಲೆ ಮರವಿಟ್ಟು ಹತ್ತು ನಿಮಿಷ ಓಡಿಸಿ, ಸ್ವಿಚ್ಚು ಆರಿಸಿ ಪ್ಲಗ್ಗಿನ ಮೈ ಮುಟ್ಟಿ ನೋಡುವುದು ರೂಢಿ. ಬಿಸಿಯಾಗಿದ್ದರೆ ಸಾಕೆಟ್ಟಿನ ತಿರುಪುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು.